ಶಿಲೆಯೊಳಗಣ ಹೂಧೂಳಿ

ತರಗತಿಯ ಕರಿಹಲಗೆಯ ಮೇಲೆ ನಾವು ದಿನವೂ ತೇಯುವ ಸೀಮೆಸುಣ್ಣಕ್ಕೂ ಭೂಮಿಯ ಚರಿತ್ರೆಯ ಒಂದು ದೊಡ್ಡ ಯುಗಕ್ಕೂ ಹೆಸರಿನ ಸಂಬಂಧವುಂಟೆಂಬುದನ್ನು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಅರಿಯರು. ಇಂಗ್ಲೆಂಡ್, ಫ್ರಾನ್ಸ್ ದೇಶಗಳ ಕಡಲ ತೀರದಲ್ಲಿ ಬೆಳ್ಳಗೆ ನಿಂತಿರುವ ಸೀಮೆಸುಣ್ಣದ ಬೆಟ್ಟಗಳು ಆ ಯುಗದಲ್ಲಿ ಸಮುದ್ರದ ತಳದಲ್ಲಿ ಶೇಖರವಾದವು. ಆದುದರಿಂದ ಲಿಯೇಜ್ ನಗರದವರಾದ ದೊಮಾಲಿಯಸ್ ದಾಲ್ವಾ ಎಂಬ ಭೂಗರ್ಭಶಾಸ್ತ್ರಜ್ಞರು 1822ರಲ್ಲಿ ಅಂಥ ಶಿಲೆಗಳಿಗೆ ಸೀಮೆಸುಣ್ಣದ ಹೆಸರನ್ನೇ ಕೊಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಕ್ರೀಟಾ’ ಎನ್ನುವರು. ಅದರಿಂದ ಬಂದದ್ದು ಕ್ರಿಟೇಷಿಯಸ್ ಎಂಬ ಹೆಸರು. (ಈಗ ಅಂಗಡಿಯಲ್ಲಿ ದೊರೆಯುವ ಬಳಪದ ಕಡ್ಡಿಯು ಬಹುಮಟ್ಟಿಗೆ ಜಿಪ್ಸಮ್ಮಿನಿಂದ ಮಾಡಿದ್ದು, ಅದಕ್ಕೆ ಈ ಗೌರವ ಸಲ್ಲದು.) ಈ ಯುಗವು ಇಂದಿಗೆ ಸುಮಾರು 14 ಕೋಟಿ 50 ಲಕ್ಷ ವರ್ಷಗಳ ಹಿಂದೆ ಮೊದಲಾಗಿ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಮುಗಿಯಿತು.

ಪುಸ್ತಕಗಳಲ್ಲಿ ಈ ಯುಗದ ಚಿತ್ರಗಳನ್ನು ನೀವು ನೋಡಿರುವಿರಿ. ಮುಂದುಗಡೆ ಡೈನೋಸಾರುಗಳೆಂಬ ದೈತ್ಯಪ್ರಾಣಿಗಳು. ಹಿಂದುಗಡೆ ಮರಗಳು, ಕೊಳ, ಮಂಜು ಕವಿದ ಬೆಟ್ಟ. ಪ್ರಾಣಿಗಳ ಆಕಾರವನ್ನು ಮೂಳೆಗಳಿಂದ ತಿಳಿದರೆಂದು ಯಾರಾದರೂ ಊಹಿಸಬಲ್ಲರು. ಆದರೆ ಆ ಮರ ಯಾವುದು, ಆ ಕೊಳದಲ್ಲಿ ತೇಲುವ ಸೊಪ್ಪು ಯಾವುದು, ಅಲ್ಲಿ ಮಳೆ ಬರುತ್ತಿತ್ತೋ ಬರಗಾಲವಿತ್ತೋ ಎಂಬುದನ್ನು ಚಿತ್ರಕಾರನಿಗೆ ಹೇಳಿದವರು ಯಾರು? ಹುಡುಗಿಯರು ಕೇಳಬೇಕಾದ ಪ್ರಶ್ನೆ ಇದು. ಆದರೆ ಪ್ರಾಣಿಯ ಹಲ್ಲುಗಳನ್ನು ನೋಡುವ ಸಡಗರದಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಇದಕ್ಕೆ ಉತ್ತರವನ್ನು ಹೇಳುವುದೇ ಈ ಲೇಖನದ ಉದ್ದೇಶ. ಉತ್ತರವಿರುವುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಧೂಳಿನಲ್ಲಿ.

ದಾಸವಾಳದ ಹೂವನ್ನು ಮೂಸಿದ ಹುಡುಗಿಯ ಮೂಗಿನ ತುದಿಗೆ ಹತ್ತುವ ಹಳದಿಯ ಪುಡಿಯನ್ನು ಪರಾಗವೆನ್ನುತ್ತೇವಷ್ಟೆ. ಅದರ ಒಂದೊಂದು ಕಣವೂ ಒಂದು ಪುಟ್ಟ ಪೆಟ್ಟಿಗೆ. ದಾಸವಾಳದ್ದು ದೊಡ್ಡ ಜಾತಿಯದು. ಮೈಯೆಲ್ಲ ಮುಳ್ಳು, ಒಂದು ಮಿಲ್ಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ಸ್ವಲ್ಪ ಹೆಚ್ಚು ಅಗಲ. ಹುಲ್ಲಿನ ಪರಾಗ ಅದಕ್ಕಿಂತ ಬಹಳ ಚಿಕ್ಕದು, ನುಣ್ಣಗೆ ದುಂಡಗೆ ಇದ್ದು ಒಂದೇ ಒಂದು ರಂಧ್ರವುಳ್ಳದ್ದು. ಪೈನ್ ಮರದ ಪರಾಗಕ್ಕೆ ಎರಡು ಗಾಳಿಚೀಲಗಳುಂಟು. ಹೀಗೆ ಗಿಡದ ಕುಲಕ್ಕೊಂದು ಆಕಾರ. ಜರೀಗಿಡ, ಹಾವಸೆ ಮುಂತಾದ ಹೂವಿಲ್ಲದ ಗಿಡಗಳು ಬೀಜಕಣಗಳನ್ನು ಚೆಲ್ಲುವುವು. ಅವಕ್ಕೂ ಹೀಗೆಯೇ ಬೇರೆ ಬೇರೆ ಗುರುತುಗಳಿವೆ. ಈ ಕಣಗಳ ಹೊರಗವಚವು ಸ್ಪೋರೋಪೊಲೆನಿನ್ ಎಂಬ ವಸ್ತುವಿನಿಂದ ಆದುದು. ಸಸ್ಯಗಳು ಸೃಷ್ಟಿಸುವ ಪದಾರ್ಥಗಳಲ್ಲಿ ಇದರಷ್ಟು ಗಟ್ಟಿಯಾದುದು ಮತ್ತೊಂದಿಲ್ಲವೆಂದರೂ ಸಲ್ಲುವುದು. ಒಳಗಿನ ಜೀವರಸವು ಕೆಲವು ದಿನಗಳಲ್ಲಿ ನಾಶವಾಗುವುದು. ಪೆಟ್ಟಿಗೆಯು ಮಾತ್ರ ಕೆರೆಯ ಕೆಸರಿನಲ್ಲಿ ಹೂತು, ಕೆಸರು ಕಲ್ಲಾದರೂ ತಾನು ಕರಗದೆ, ಕೋಟಿಗಟ್ಟಲೆ ವರ್ಷ ಉಳಿಯಬಲ್ಲದು.

ಕಲ್ಲಿನಿಂದ ಇದನ್ನು ಹೊರತೆಗೆಯುವ ಕ್ರಮವು ಈ ಗಟ್ಟಿತನವನ್ನೇ ಆಧರಿಸಿದೆ. ಕಲ್ಲನ್ನು ಪುಡಿಮಾಡಿ ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಡುವರು. ಸುಣ್ಣದ ಅಂಶವೆಲ್ಲ ನೊರೆಗಟ್ಟಿ ಹೋಗುವುದು. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲ. ಅದು ಮರಳನ್ನೂ ಜೇಡಿಯನ್ನೂ ಕರಗಿಸುವುದು. ಗಾಜನ್ನು ಸಹ ತಿನ್ನುವ ಆಮ್ಲವಾದುದರಿಂದ ಅದನ್ನು ಗಾಜಿನ ಸೀಸೆಯಲ್ಲಿ ಇಡುವಂತಿಲ್ಲ; ಚರ್ಮಕ್ಕೆ ತಗಲಿದರೆ ಮೂಳೆಯವರೆಗೂ ಇಳಿಯುವುದು. ಇಂಥದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ಮುಟ್ಟತಕ್ಕದ್ದೇ ಅಲ್ಲ. ಇಷ್ಟೆಲ್ಲ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಒಂದು ಚಿಟಿಕೆ ಕಂದುಬಣ್ಣದ ಮಡ್ಡಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬೆಟ್ಟವೇ ಕರಗಿಹೋದರೂ ಹೂವಿನ ಧೂಳು ಕರಗದೆ ಉಳಿದಿರುವುದು ಕಾಣುತ್ತದೆ. ಕಲ್ಲು ಬಹಳ ಕಾಯ್ದಿದ್ದರೆ ಕಣಗಳು ಹಳದಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗಿರುತ್ತವೆ. ಆ ಬಣ್ಣವನ್ನು ನೋಡಿಯೇ ಭೂಮಿಯೊಳಗೆ ಎಷ್ಟು ಕಾವು ತಾಕಿತೆಂದು ಹೇಳಬಲ್ಲವರಿದ್ದಾರೆ. ಗಾಳಿಯಾಡಿ ಕೆಂಪಾದ ಮಣ್ಣಿನಲ್ಲಿ ಮಾತ್ರ ಸಾಮಾನ್ಯವಾಗಿ ಏನೂ ಉಳಿಯದು.

ಇನ್ನು ಎಣಿಕೆ. ಒಂದು ಪದರದಲ್ಲಿ ಯಾವ ಗಿಡದ ಕಣಗಳು ನೂರಕ್ಕೆ ಎಷ್ಟು ಎಂದು ಲೆಕ್ಕಮಾಡಿ ನೆಲದ ಪದರಗಳಿಗೆ ಅನುಸಾರವಾಗಿ ಪಟಗಳನ್ನು ಬರೆಯುವ ಪದ್ಧತಿಯನ್ನು ಸ್ವೀಡನ್ ದೇಶದ ಲೆನಾರ್ಟ್ ಫಾನ್ ಪೋಸ್ಟ್ ಎಂಬವರು 1916ರಲ್ಲಿ ವಿದ್ವಾಂಸರ ಮುಂದಿಟ್ಟರು. ಅವರು ನೋಡಿದ್ದು ಇತ್ತೀಚಿನ ಜೌಗುನೆಲದ ಮಣ್ಣನ್ನು. ಅದೇ ವಿದ್ಯೆಯು ಮುಂದೆ ಪುರಾತನ ಶಿಲೆಗಳಿಗೂ ಹಬ್ಬಿತು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಗಾಳಿಯನ್ನು ನಂಬಿದ ಮರವು ಪರಾಗವನ್ನು ದುಂದುಗಾರನಂತೆ ಚೆಲ್ಲುವುದು; ಜೇನ್ನೊಣವನ್ನು ನಂಬಿದ ಗಿಡವು ಜಿಪುಣನಂತೆ ಕೊಡುವುದು. ಪೈನಿನ ಕಣವು ತನ್ನ ಚೀಲಗಳ ಬಲದಿಂದ ನೂರಾರು ಮೈಲಿ ಹಾರೀತು. ಆದುದರಿಂದ ಕಲ್ಲಿನಲ್ಲಿ ನೂರಕ್ಕೆ ಐವತ್ತು ಪೈನ್ ಪರಾಗ ಸಿಕ್ಕಿತೆಂದು ಕಾಡಿನ ಅರ್ಧ ಪೈನ್ ಮರಗಳೇ ಎಂದು ಬರೆದರೆ ಅದು ತಪ್ಪು ಲೆಕ್ಕ. ಹಳೆಯ ಬೆಟ್ಟದಿಂದ ತೊಳೆದು ಬಂದ ಹಳೆಯ ಕಣಗಳು ಹೊಸ ಕೆಸರಿನಲ್ಲಿ ಬೆರೆಯುವುದೂ ಉಂಟು. ಆದಕಾರಣ ಪರಾಗದ ಮಾತಿಗೆ ಎಲೆ, ಮರದ ತುಂಡು, ಕಾಯಿ, ಬೀಜಗಳು ಒಪ್ಪುತ್ತವೆಯೇ ಎಂದು ನೋಡಬೇಕು. ಒಬ್ಬ ಸಾಕ್ಷಿಯ ಮಾತಿನಿಂದಲೇ ತೀರ್ಪು ಹೇಳುವವನು ನ್ಯಾಯಾಧಿಪತಿಯಲ್ಲ.

ಎಲೆಯ ಸಾಕ್ಷ್ಯವು ವಿಶೇಷವಾದುದು. ಮಾವು, ಹಲಸು, ಆಲ, ಹೊಂಗೆ, ಇವುಗಳ ಎಲೆಯಂಚು ನಯವಾಗಿದೆ. ಗುಲಾಬಿಯದು ಗರಗಸದ ಹಾಗೆ. ಉಷ್ಣದೇಶದ ಕಾಡಿನಲ್ಲಿ ನಯವಾದ ಅಂಚಿನ ಎಲೆಗಳ ಮರಜಾತಿಗಳು ಹೆಚ್ಚು, ಶೀತದೇಶದಲ್ಲಿ ಹಲ್ಲಂಚಿನವು ಹೆಚ್ಚು ಎಂಬುದನ್ನು ಬೈಲಿ ಮತ್ತು ಸಿನ್ನಾಟ್ ಎಂಬ ಅಮೆರಿಕದ ಇಬ್ಬರು ಸಸ್ಯಶಾಸ್ತ್ರಜ್ಞರು 1915ರಲ್ಲಿ ತೋರಿಸಿದರು. ನಯವಂಚಿನ ಜಾತಿಗಳು ನೂರಕ್ಕೆ ಹತ್ತರಂತೆ ಹೆಚ್ಚಾದರೆ ವರ್ಷದ ಸರಾಸರಿ ಉಷ್ಣತೆಯು ಸುಮಾರು 3 ಡಿಗ್ರಿ ಸೆಂಟಿಗ್ರೇಡ್ ಹೆಚ್ಚೆಂದು ಆಮೇಲಿನವರು ಲೆಕ್ಕ ಕಟ್ಟಿದರು. ನಮ್ಮ ಬೇವಿನ ಎಲೆಗೆ ಹಲ್ಲುಗಳಿವೆಯಲ್ಲಾ ಎಂದು ಜಾಣೆಯೊಬ್ಬಳು ಕೇಳಿಯಾಳು. ಕೇಳಲಿ, ಒಂದು ಎಲೆಯಿಂದ ಹವೆಯನ್ನು ಹೇಳಲಾಗದು, ಕಾಡಿನ ಅನೇಕ ಜಾತಿಗಳನ್ನು ಎಣಿಸಬೇಕೆಂಬುದಕ್ಕೆ ಬೇವೇ ದೃಷ್ಟಾಂತ.

ಈಗ ನಮ್ಮ ದೇಶಕ್ಕೆ ಬರೋಣ. ಕ್ರಿಟೇಷಿಯಸ್ ಯುಗದ ಸಸ್ಯಗಳನ್ನು ಕಾದಿಟ್ಟ ಎರಡು ದೊಡ್ಡ ಭಂಡಾರಗಳು ಭಾರತದಲ್ಲಿವೆ. ಎರಡನ್ನೂ ಕಾದಿಟ್ಟದ್ದು ಬೆಂಕಿ. ಭೂಮಿಯ ಬಿರುಕುಗಳಿಂದ ಶಿಲಾರಸವು ಉಕ್ಕಿ ಹರಿದು ಹೆಪ್ಪುಗಟ್ಟಿದ ಮೇಲೆ, ಮುಂದಿನ ಉಕ್ಕು ಬರುವ ತನಕ ಎಷ್ಟೋ ಸಾವಿರ ವರ್ಷ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೊಳಗಳಾದುವು, ದಡದಲ್ಲಿ ಕಾಡು ಬೆಳೆಯಿತು, ಕೆಸರಿನಲ್ಲಿ ಎಲೆ, ಕಾಯಿ, ಪರಾಗ ಉದುರಿದುವು. ಬಳಿಕ ಮತ್ತೊಂದು ಶಿಲಾರಸದ ಹಾಸು ಬಂದು ಅದನ್ನು ಮುಚ್ಚಿತು. ಹೀಗೆ ಎರಡು ಹಾಸುಗಳ ನಡುವೆ ಸಿಕ್ಕಿಕೊಂಡ ಪದರಗಳನ್ನು ನಡುಪದರಗಳೆಂದು ಕರೆಯೋಣ. ಶಿಲಾರಸದಿಂದ ಬಿಡುಗಡೆಯಾದ ಸಿಲಿಕಾ ನೀರಿನಲ್ಲಿ ಕರಗಿ ಗಿಡದ ಒಂದೊಂದು ಕೋಶದೊಳಗೂ ಇಳಿದು ಅದನ್ನು ಚಕಮಕಿ ಕಲ್ಲಿನಂತೆ ಮಾಡಿಬಿಟ್ಟಿತು. ಅದನ್ನು ತೆಳುವಾಗಿ ಕೊಯ್ದು ನೋಡಿದರೆ ನಿನ್ನೆ ಕಡಿದ ಗಿಡದಂತೆ ಕೋಶಗಳು ಕಾಣುವುವು.

ಮೊದಲನೆಯ ಭಂಡಾರವು ಈಗಿನ ಜಾರ್ಖಂಡಿನ ರಾಜಮಹಲ್ ಬೆಟ್ಟಗಳು. ಅಲ್ಲಿಯ ಶಿಲಾರಸವು ಉಕ್ಕಿದ್ದು ಸುಮಾರು 11 ಕೋಟಿ 80 ಲಕ್ಷ ವರ್ಷಗಳ ಹಿಂದೆ. ಆಗ ಭಾರತದ ನೆಲವು ಅಂಟಾರ್ಕ್ಟಿಕಾಕ್ಕೆ ಇಂದಿಗಿಂತ ಬಹಳ ಹತ್ತಿರವಾಗಿ, ದಕ್ಷಿಣ ಗೋಲಾರ್ಧದಲ್ಲಿ ಕೆಳಗೆ ಇತ್ತು. ಅಲ್ಲಿ ಸಿಕ್ಕುವುದು ಜರೀಗಿಡಗಳು, ಶಂಕುಮರಗಳು, ಈಚಲನ್ನು ನೆನಪಿಗೆ ತರುವ ಗರಿಗಳುಳ್ಳ ಸೈಕಾಡ್ ಬಗೆಯ ಗಿಡಗಳು. ಲಖನೌ ವಿಶ್ವವಿದ್ಯಾಲಯದ ಬೀರಬಲ್ ಸಾಹನಿಯವರು ಇವುಗಳಲ್ಲಿ ಒಂದಾದ ವಿಲಿಯಂಸೋನಿಯಾ ಗಿಡದ ಕಾಂಡ, ಎಲೆ, ಹೂವಿನಂಥ ಭಾಗಗಳನ್ನು ಒಟ್ಟುಗೂಡಿಸಿ ಅದರ ಪೂರ್ಣರೂಪವನ್ನು 1932ರಲ್ಲಿ ಬರೆದು ತೋರಿಸಿದರು. ನಿಪಾನಿಯಾ ಎಂಬ ಹಳ್ಳಿಯ ಕಲ್ಲುಗಳಲ್ಲಿ ಪೆಂಟಾಕ್ಸಿಲಾನ್ ಎಂಬ, ಇಂದು ಸಂತತಿಯೇ ಇಲ್ಲದ ವಿಚಿತ್ರ ಗಿಡವೂ ದೊರೆಯಿತು. ಆದರೆ ನಿಜವಾದ ಹೂವಿನ ಗಿಡಗಳ ಗುರುತು ಈ ಕಾಡಿನಲ್ಲಿ ಅತ್ಯಂತ ವಿರಳ. ಮಲ್ಲಿಗೆಯಿಲ್ಲ, ಮಾವಿಲ್ಲ, ಬಾಳೆಯಿಲ್ಲ, ಹುಲ್ಲಿಲ್ಲ.

ಎರಡನೆಯ ಭಂಡಾರವು ದಕ್ಖಣದ ಶಿಲಾರಸಗಳ ನಡುಪದರಗಳು; ಇವು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಆಸುಪಾಸಿನವು. ಇಲ್ಲಿಯಾದರೋ ಹೂವಿನ ಗಿಡಗಳದೇ ರಾಜ್ಯ. ಎರಡು ಭಂಡಾರಗಳ ನಡುವಣ ಐದು ಕೋಟಿ ವರ್ಷಗಳಲ್ಲಿ ಭೂಮಿಯ ಹಸುರೆಲ್ಲ ಕೈ ಬದಲಾಯಿಸಿತು. ಹೂವಿನ ಗಿಡಗಳು ಇಷ್ಟು ಬೇಗನೆ ಎಲ್ಲಿಂದ ಬಂದುವೆಂಬುದು ಚಾರ್ಲ್ಸ್ ಡಾರ್ವಿನ್ನರನ್ನು ಕಡೆಯವರೆಗೂ ಕಾಡಿತು. 1879ರಲ್ಲಿ ಅವರು ತಮ್ಮ ಮಿತ್ರ ಹೂಕರರಿಗೆ ಬರೆದ ಕಾಗದದಲ್ಲಿ ಇದನ್ನು ಸಹಿಸಲಾಗದ ರಹಸ್ಯವೆಂಬ ಅರ್ಥದಲ್ಲಿ ಹೇಳಿಕೊಂಡಿದ್ದಾರೆ. ಆ ರಹಸ್ಯವು ಪೂರ್ತಿಯಾಗಿ ಬಿಡಿಸಿಲ್ಲವಾದರೂ ದಾರಿಯನ್ನು ತೋರಿಸಿದ್ದು ಪರಾಗವೇ. ಸುಮಾರು 13 ಕೋಟಿ 50 ಲಕ್ಷ ವರ್ಷಗಳಷ್ಟು ಹಳೆಯ ಶಿಲೆಗಳಿಂದ ಈಚೆಗೆ ಹೂಗಿಡಗಳದೆಂದು ಒಪ್ಪಬಹುದಾದ ಕಣಗಳು ಕಾಣಿಸಿಕೊಳ್ಳುತ್ತವೆ. ಅವಕ್ಕೆ ಒಂದೇ ಸೀಳು. ಸುಮಾರು 12 ಕೋಟಿ 50 ಲಕ್ಷ ವರ್ಷಗಳ ಹಿಂದಿನಿಂದ ಮೂರು ಸೀಳುಗಳ ಕಣಗಳು ಬರುತ್ತವೆ. ನಮ್ಮ ದ್ವಿದಳ ಸಸ್ಯಗಳಲ್ಲಿ ಬಹುಪಾಲಿನವುಗಳ ಪರಾಗವು ಆ ಮಾದರಿಯದು. ಅಲ್ಲಿಂದ ಮೇಲೆ ಪದರದಿಂದ ಪದರಕ್ಕೆ ಆಕಾರಗಳು ಬಗೆಬಗೆಯಾಗಿ ಹೆಚ್ಚುತ್ತವೆ. ಅಂದರೆ ಹೂಗಿಡಗಳು ಆಕಾಶದಿಂದ ಒಮ್ಮೆಗೇ ಉದುರಿದವಲ್ಲ, ಮೆಟ್ಟಲು ಮೆಟ್ಟಲಾಗಿ ಹೆಚ್ಚಿದವು.

ದಕ್ಖಣದ ಶಿಲಾರಸವು ನಮಗೆ ಪರದೇಶದ ಮಾತಲ್ಲ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿರುವ ಆ ಕರಿಕಲ್ಲಿನ ದಕ್ಷಿಣದ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳಲ್ಲಿದೆ. ಗೋಳಗುಮ್ಮಟವನ್ನು ಕಟ್ಟಿದ್ದು ಆ ಕಲ್ಲಿನಿಂದ. ಜೋಳ, ಹತ್ತಿ ಬೆಳೆಯುವ ಎರೆಭೂಮಿಯು ಬಹುತೇಕ ಆ ಕಲ್ಲು ಕೊಳೆತು ಆದುದು. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಬಳಿಯಲ್ಲಿ ನಡುಪದರವೂ ಉಂಟು. ಸಿಹಿನೀರಿನ ಸಣ್ಣ ಜೀವಿಗಳ ಚಿಪ್ಪುಗಳು ಅಲ್ಲಿ ಸಿಕ್ಕಿವೆ. ಆದರೆ ಸಸ್ಯಗಳ ಮುಖ್ಯ ನಿಧಿಯು ಉತ್ತರಕ್ಕೆ, ನಾಗಪುರ ಮತ್ತು ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಗಳ ಕಡೆಗಿದೆ. ನಾಗಪುರದ ಸುತ್ತಿನ ನಡುಪದರಗಳ ಸಸ್ಯಗಳನ್ನೂ ಚಿಪ್ಪುಗಳನ್ನೂ ಮೊದಮೊದಲು ಶ್ರದ್ಧೆಯಿಂದ ಕೂಡಿಟ್ಟವರು ಅಲ್ಲಿಯ ಸ್ಕಾಟಿಷ್ ಮಿಶನರಿಗಳಾದ ಸ್ಟೀಫನ್ ಹಿಸ್ಲಾಪ್ ಮತ್ತು ರಾಬರ್ಟ್ ಹಂಟರ್. ಶಾಲೆ ನಡೆಸುವುದರ ನಡುವೆ ಹಿಸ್ಲಾಪರು ಸುತ್ತಿಗೆ ಹಿಡಿದು ಹಳ್ಳಕೊಳ್ಳ ಅಲೆದರು. 1863ರಲ್ಲಿ ನೀರು ಏರಿದ್ದ ಹೊಳೆಯೊಂದನ್ನು ದಾಟುವಾಗ ಮುಳುಗಿ ತೀರಿಕೊಂಡರು.

ಛಿಂದವಾಡಾ ಜಿಲ್ಲೆಯಲ್ಲಿ ಮೊಹಗಾಂವ್ ಕಲಾನ್ ಎಂಬ ಹಳ್ಳಿಯಿದೆ. ಅಲ್ಲಿಯ ಹೊಲದ ಕಲ್ಲುಗಳು ನೋಡುವುದಕ್ಕೆ ಬರಿಯ ಕಲ್ಲುಗಳು. ಒಡೆದರೆ ಒಳಗೆ ತಾಳೆಯ ಜಾತಿಯ ಕಾಂಡ, ಕಾಯಿ, ಹೂವು. ಅಲ್ಲಿ ದೊರೆತ ಒಂದು ಕಾಯಿಗೆ ಸಾಹನಿಯವರು ‘ಒಗಟಿನ ಕಾಯಿ’ ಎಂಬ ಅರ್ಥ ಬರುವಂತೆ ಎನಿಗ್ಮೊಕಾರ್ಪಾನ್ ಎಂದು ಹೆಸರಿಟ್ಟು 1943ರಲ್ಲಿ ವರ್ಣಿಸಿದರು. ಅದನ್ನು ಅವರು ನಮ್ಮ ಮದರಂಗಿಯೂ ನಂದಿಮರವೂ ಸೇರಿದ ಕುಟುಂಬದ ನೆಂಟನೆಂದು ಎಣಿಸಿದರು. ಆ ಕಲ್ಲುಗಳ ಸೂಕ್ಷ್ಮಕಣಗಳನ್ನು ಮೊದಮೊದಲು ಪರೀಕ್ಷಿಸಿದವರಲ್ಲಿ ಚಿತಳೆ ಎಂಬ ಮಹಿಳೆಯೊಬ್ಬರಿದ್ದರು. 1951ರಲ್ಲಿ ಅವರ ಲೇಖನವು ಪ್ರಕಟವಾಯಿತು.

ಇವೆಲ್ಲ ಕೂಡಿ ಹೇಳುವ ಆ ಕಾಲದ ಪರಿಸರ ಯಾವುದು? ತಾಳೆಯ ಜಾತಿಗಳು ಹೇರಳವಾಗಿವೆ; ತಾಳೆಯ ಕುಲಕ್ಕೆ ಹಿಮ ಸಲ್ಲದು; ಆದುದರಿಂದ ಹವೆಯು ಬೆಚ್ಚಗಿತ್ತು. ಗದ್ದೆಯ ನೀರಿನ ಮೇಲೆ ಹಸುರು ಹಾಸಿನಂತೆ ತೇಲುವ ಅಜೋಲಾ ಎಂಬ ಪುಟ್ಟ ಜರೀಗಿಡವನ್ನು ರೈತರ ಮಕ್ಕಳು ಬಲ್ಲರು. ಅದರ ಬಂಧುಗಳೂ ಬೇರೆ ನೀರುಜರೀಗಿಡಗಳ ಬೀಜಕಣಗಳೂ ನಡುಪದರಗಳಲ್ಲಿ ತುಂಬಿವೆ. ಅವು ಅಲೆಯಿಲ್ಲದ ಸಿಹಿನೀರನ್ನು ಬಯಸುವುವು. ಆದುದರಿಂದ ಕೊಳಗಳು ನಿಂತ ನೀರಿನವು. ಶಿಲಾರಸಕ್ಕಿಂತ ಮುಂಚಿನ, ಲಾಮೇಟಾ ಎಂಬ ಹೆಸರಿನ ಪದರಗಳಲ್ಲಾದರೋ ಸುಣ್ಣದ ಗಂಟುಗಳುಳ್ಳ ಮಣ್ಣು ಸಿಕ್ಕುತ್ತದೆ. ಮಳೆ ಕೆಲವು ತಿಂಗಳು ಬಂದು ಉಳಿದ ತಿಂಗಳು ನೆಲ ಒಣಗುವ ಸೀಮೆಯಲ್ಲಿ ಇಂಥ ಗಂಟುಗಳು ಕಟ್ಟುವುವು. ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಗಪುರದ ಬಂದನಾ ಸಾಮಂತ ಮತ್ತು ಮೊಹಬೆಯವರು 2009ರಲ್ಲಿ ಪ್ರಕಟಿಸಿದ ಪರಾಗಗಳ ಅಧ್ಯಯನದಂತೆ, ಶಿಲಾರಸವು ಉಕ್ಕಲು ತೊಡಗಿದ ಮೇಲೆ ಶಂಕುಮರಗಳ ಪಾಲು ಕುಗ್ಗಿ, ಹೂಗಿಡಗಳ ಮತ್ತು ಜರೀಗಿಡಗಳ ಪಾಲು ಹೆಚ್ಚಿತು. ಬೆಂಕಿಯ ನೆರೆಯಲ್ಲಿ ಬಾಳಲು ಬಲ್ಲವು ಬಾಳಿದವು.

ಈ ನಡುಪದರಗಳ ವಯಸ್ಸನ್ನು ಕುರಿತು ನಡೆದ ವಾದವನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ. ದಕ್ಖಣದ ಶಿಲಾರಸವು ಡೈನೋಸಾರುಗಳ ಕಾಲದ್ದೇ, ಅಥವಾ ಅವು ಅಳಿದ ಮೇಲಿನದೇ? ಇದು ಕೇವಲ ತಾರೀಖಿನ ಜಗಳವಲ್ಲ. ಶಿಲಾರಸವು ಅವುಗಳ ಕಾಲದ್ದಾದರೆ ಅವುಗಳ ನಾಶದ ವಿಚಾರಣೆಯಲ್ಲಿ ಅದನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕು. ಆಮೇಲಿನದಾದರೆ ಅದು ನಿರಪರಾಧಿ. ಸಾಹನಿಯವರು 1934ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಬರೆದು, ಸಸ್ಯಗಳ ಸಾಕ್ಷ್ಯದ ಮೇಲೆ ಶಿಲಾರಸವು ಕ್ರಿಟೇಷಿಯಸ್ಸಿನದಲ್ಲ, ಅದರ ಮುಂದಿನ ಯುಗದ್ದು ಎಂದು ವಾದಿಸಿದರು. ಅವರ ಆಧಾರಗಳು ಅಲ್ಪವಾಗಿರಲಿಲ್ಲ. ತಾಳೆಗಳು ಅಷ್ಟು ಹೇರಳ. ಮೊಹಗಾಂವ್ ಕಲಾನಿನಲ್ಲಿ ಸಿಕ್ಕಿದ, ಇಂದು ಸುಂದರಬನದಂಥ ಉಪ್ಪುನೀರಿನ ಅಳಿವೆಗಳಲ್ಲಿ ಬೆಳೆಯುವ ನೀಪಾ ಎಂಬ ತಾಳೆಯ ಕಾಯಿಯು ಲಂಡನ್ ನಗರದ ಕೆಳಗಿನ ಜೇಡಿಯಲ್ಲಿ ಸಿಕ್ಕುವ ಕಾಯಿಗಳನ್ನು ಹೋಲುತ್ತಿತ್ತು. ಆ ಜೇಡಿಯಾದರೋ ಕ್ರಿಟೇಷಿಯಸ್ಸಿನ ಈಚಿನದೆಂದು ಎಲ್ಲರೂ ಒಪ್ಪಿದ್ದರು. ಎರಡೂ ಕಡೆ ಒಂದೇ ಬಗೆಯ ಕಾಯಿಯಿದ್ದರೆ ಕಾಲವೂ ಒಂದೇ ಎಂಬುದು ಆಗಿನ ಕಾಲಕ್ಕೆ ಸಹಜವಾದ ತರ್ಕ.

ಆದರೆ ಆ ತರ್ಕದಲ್ಲಿ ಒಂದು ಸೀಳಿತ್ತು. ಲಂಡನ್ನಿನ ಜೇಡಿಗಿಂತ ಮುಂಚೆ ನೀಪಾ ಸಿಕ್ಕಿಲ್ಲವೆಂಬುದು ನಿಜ; ಸಿಕ್ಕಿಲ್ಲವೆಂದರೆ ಇರಲಿಲ್ಲವೆಂದು ಅರ್ಥವೇ? ಮುಂದೆ ನೀಪಾದ ಮುಳ್ಳುಮುಳ್ಳಾದ ಪರಾಗವು ಬೇರೆ ಖಂಡಗಳ ಕ್ರಿಟೇಷಿಯಸ್ ಕೊನೆಯ ಶಿಲೆಗಳಲ್ಲಿ ಕಾಣಿಸಿತು. 1980ರ ದಶಕದಲ್ಲಿ ಶಿಲಾರಸದ ವಯಸ್ಸನ್ನು ಅದರ ರಾಸಾಯನಿಕ ಧಾತುಗಳಿಂದಲೂ ಕಾಂತತ್ವದಿಂದಲೂ ಅಳೆದವರು, ಅದರ ಬಹುಭಾಗವು ಕ್ರಿಟೇಷಿಯಸ್ಸಿನ ಕೊನೆಯ ಗಡಿಯ ಆಚೀಚೆಗೆ ಅಲ್ಪಕಾಲದಲ್ಲಿ ಉಕ್ಕಿತೆಂದು ಕಂಡರು. ಕೊನೆಗೆ 1998ರಲ್ಲಿ ಲಖನೌ ಸಂಸ್ಥೆಯ ಆರ್. ಕೆ. ಕರ್ ಮತ್ತು ಶ್ರೀನಿವಾಸನ್ ಇವರು ಮೊಹಗಾಂವ್ ಕಲಾನಿನ ಪದರಗಳ ಪರಾಗಗಳು ಕ್ರಿಟೇಷಿಯಸ್ ಕೊನೆಗಾಲದವೆಂದು ಪ್ರಕಟಿಸಿದರು. ದಕ್ಖಣದ ನಡುಪದರಗಳಲ್ಲಿ ಆ ಕಾಲವನ್ನು ಗುರುತಿಸಲು ನೆರವಾಗುವ ಕಣಗಳಲ್ಲೊಂದು ಅಕ್ವಿಲಪೊಲೆನೈಟಿಸ್; ಲ್ಯಾಟಿನಿನಲ್ಲಿ ಹದ್ದಿಗೆ ‘ಅಕ್ವಿಲ’ ಎನ್ನುವರು, ಕಣದಿಂದ ರೆಕ್ಕೆಗಳಂತೆ ಚಾಚುಗಳು ಹೊರಟಿರುತ್ತವೆ. ಆ ಲಖನೌ ಸಂಸ್ಥೆಯಾದರೋ ಸಾಹನಿಯವರೇ ಕಟ್ಟಿದ್ದು. 1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರೂರವರು ಅದರ ಕಟ್ಟಡಕ್ಕೆ ಅಸ್ತಿಭಾರ ಹಾಕಿದರು. ಒಂದು ವಾರ ಕಳೆಯುವಷ್ಟರಲ್ಲಿ ಸಾಹನಿಯವರು ತೀರಿಕೊಂಡರು. ಅವರ ಪತ್ನಿ ಸಾವಿತ್ರಿ ಸಾಹನಿಯವರು ಅದರ ಹೊಣೆಯನ್ನು ಹೊತ್ತು ನಡೆಸಿದರು. ಸ್ಥಾಪಕರ ಅಭಿಪ್ರಾಯವನ್ನು ಅವರ ಮನೆಯವರೇ ತಿದ್ದಿದರೆಂಬುದರಲ್ಲಿ ನನಗೆ ಅಗೌರವವೇನೂ ಕಾಣುವುದಿಲ್ಲ. ಅವರು ವರ್ಣಿಸಿದ ಕಾಯಿಗಳೂ ಕಾಂಡಗಳೂ ಇಂದಿಗೂ ಆಧಾರಗ್ರಂಥಗಳಲ್ಲಿವೆ. ನಡುಪದರಗಳಲ್ಲಿ ಕೆಲವು ಗಡಿಯ ಈಚೆಗೆ ಬೀಳುವುದೂ ನಿಜ.

ಸಿಕ್ಕದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಈ ಅಂತರಕ್ಕೆ ಇನ್ನೂ ಸೊಗಸಾದ ನಿದರ್ಶನವು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬ ಹಳ್ಳಿಯಿಂದ ಬಂದಿದೆ. ಅಲ್ಲಿಯ ಲಾಮೇಟಾ ಪದರಗಳಲ್ಲಿ ಕಲ್ಲಾಗಿ ಹೋದ ಲದ್ದಿಯ ಉಂಡೆಗಳು ಬಹಳ. ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ, ಅವು ಆರೂವರೆ ಕೋಟಿ ವರ್ಷಗಳಿಂದ ಕಲ್ಲು. ಜೊತೆಯಲ್ಲೇ ಸಿಗುವ ಮೂಳೆಗಳಿಂದ ಅವು ಬಹುಶಃ ಉದ್ದಕೊರಳಿನ, ಸಸ್ಯಾಹಾರಿಯಾದ ಡೈನೋಸಾರುಗಳವೆಂದು ಊಹಿಸಿದ್ದಾರೆ. ಲಖನೌ ಸಂಸ್ಥೆಯ ವಂದನಾ ಪ್ರಸಾದರು ಸ್ವೀಡನ್ನಿನಲ್ಲಿದ್ದ ಕರೋಲಿನ್ ಸ್ಟ್ರೋಂಬರ್ಗ್ ಮತ್ತಿತರರೊಡನೆ ಅವುಗಳೊಳಗೆ ಹುಡುಕಿದ್ದು ಸಸ್ಯದ ಮರಳನ್ನು. ಹುಲ್ಲು ನೆಲದಿಂದ ಸಿಲಿಕಾವನ್ನು ಹೀರಿ ತನ್ನ ಕೋಶಗಳಲ್ಲಿ ಗಾಜಿನ ಹರಳುಗಳಂತೆ ಕಟ್ಟಿಟ್ಟುಕೊಳ್ಳುವುದು. ಕಬ್ಬಿನ ಗರಿ ಕೈ ಕೊಯ್ಯುವುದಕ್ಕೆ ಇದೂ ಒಂದು ಕಾರಣ. ಭತ್ತದ ಉಮಿಯ ಬೂದಿಯಿಂದ ಪಾತ್ರೆ ಬೆಳಗುವುದು ಇದರಿಂದಲೇ. ಹಳ್ಳಿಯಲ್ಲಿ ಉಮಿಕರಿಯಿಂದ ಹಲ್ಲುಜ್ಜಿದವರು ಈ ಮರಳನ್ನು ಬಾಯಲ್ಲೇ ಅರಿತಿದ್ದಾರೆ. ಗಿಡ ಕೊಳೆತರೂ ಈ ಹರಳು ಉಳಿಯುವುದು. ಹುಲ್ಲಿನ ಒಳಗುಂಪುಗಳಿಗೆ ಒಂದೊಂದು ಆಕಾರವುಂಟು.

ಆ ಸಮಯದವರೆಗೆ ನಿಸ್ಸಂದೇಹವಾಗಿ ಹುಲ್ಲೆಂದು ಹೇಳಬಹುದಾದ ಅವಶೇಷಗಳು ಸುಮಾರು ಐದೂವರೆ ಕೋಟಿ ವರ್ಷಗಳಿಗಿಂತ ಹಳೆಯವಾಗಿರಲಿಲ್ಲ. ಆದುದರಿಂದ ಡೈನೋಸಾರುಗಳ ಚಿತ್ರದಲ್ಲಿ ಹುಲ್ಲನ್ನು ಬರೆದವನನ್ನು ಪಂಡಿತರು ನಗೆಯಾಡುತ್ತಿದ್ದರು. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು ಆ ಲದ್ದಿಯೊಳಗೆ ಕಡಮೆಯೆಂದರೆ ಐದು ಬಗೆಯ ಹುಲ್ಲುಗಳ ಹರಳುಗಳಿವೆಯೆಂದು ತೋರಿಸಿತು. ತಾಳೆ, ಶಂಕುಮರ ಮತ್ತು ಬೇರೆ ಹೂಗಿಡಗಳ ಗುರುತುಗಳೂ ಕೂಡಿದ್ದುವು. ಪ್ರಾಣಿಯು ಸಿಕ್ಕಿದ್ದನ್ನೆಲ್ಲ ಮೇಯುತ್ತಿತ್ತು, ಹುಲ್ಲು ಅದರ ಊಟದಲ್ಲಿ ಒಂದು ಪಾಲು ಮಾತ್ರ. 2011ರಲ್ಲಿ ಅದೇ ಪ್ರಸಾದರು ಮತ್ತು ಸಂಗಡಿಗರು ಆ ಹರಳುಗಳಲ್ಲಿ ಕೆಲವು ಭತ್ತದ ಬಳಗಕ್ಕೇ ಸೇರಿದವೆಂದು ಬರೆದರು. ನಮ್ಮ ಅನ್ನದ ದೂರದ ನೆಂಟರು, ಇನ್ನೂ ಏಷ್ಯಾಕ್ಕೆ ಬಂದು ಸೇರಿರದ, ಸಮುದ್ರದ ನಡುವೆ ಉತ್ತರಕ್ಕೆ ತೇಲುತ್ತಿದ್ದ ಭಾರತದ ಕೊಳದ ದಡದಲ್ಲಿ ಬೆಳೆಯುತ್ತಿದ್ದರು! ಹುಲ್ಲುಗಾವಲು ಇತ್ತೆಂದು ಇದರಿಂದ ಹೇಳಲಾಗದು, ಹುಲ್ಲಿತ್ತೆಂದು ಹೇಳಬಹುದು. ಈ ಎರಡು ಮಾತುಗಳ ಅಂತರವನ್ನು ಕಾಯುವವಳೇ ಒಳ್ಳೆಯ ವಿದ್ಯಾರ್ಥಿನಿ.

ಬೇರೆ ದೇಶಗಳಿಂದ ಎರಡು ಸಂಗತಿಗಳನ್ನು ಮಾತ್ರ ಹೇಳುವೆನು. 2017ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಎಂಬ ಹಡಗಿನವರು ಪಶ್ಚಿಮ ಅಂಟಾರ್ಕ್ಟಿಕಾದ ಬಳಿ ಸಮುದ್ರದ ತಳವನ್ನು ಕೊರೆದಾಗ, ಸುಮಾರು 9 ಕೋಟಿ ವರ್ಷಗಳಷ್ಟು ಹಳೆಯ ಕೆಸರುಗಲ್ಲಿನಲ್ಲಿ ಮರಗಳ ಬೇರುಗಳು ಹೆಣೆದುಕೊಂಡಿದ್ದ ಹಾಗೆಯೇ ಸಿಕ್ಕಿದುವು. ಅದರ ಪರಾಗಗಳನ್ನು ಪರೀಕ್ಷಿಸಿ, ಅಲ್ಲಿ ಜೌಗಾದ ದಟ್ಟ ಮಳೆಕಾಡಿತ್ತು, ವರ್ಷದ ಸರಾಸರಿ ಉಷ್ಣತೆ 13 ಡಿಗ್ರಿಯಷ್ಟಿತ್ತು ಎಂದು 2020ರಲ್ಲಿ ಪ್ರಕಟಿಸಿದರು. ಆ ಸ್ಥಳವು ಆಗಲೂ ಧ್ರುವದ ಸಮೀಪದಲ್ಲೇ ಇತ್ತು. ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನ ಮುಖವಿಲ್ಲ. ಅಂಥಲ್ಲಿ ಕಾಡು ಬಾಳಬೇಕಾದರೆ ವಾಯುಮಂಡಲದಲ್ಲಿ ಇಂಗಾಲಾಮ್ಲವು ಇಂದಿಗಿಂತ ಬಹಳ ಹೆಚ್ಚಾಗಿದ್ದಿರಬೇಕೆಂದು ಅವರ ಲೆಕ್ಕ.

ಮತ್ತೊಂದು, ಯುಗದ ಕೊನೆ. ಅಮೆರಿಕದ ನ್ಯೂ ಮೆಕ್ಸಿಕೋ ಸೀಮೆಯಲ್ಲಿ, ಆಕಾಶದಿಂದ ಬಿದ್ದ ಭಾರಿ ಕಲ್ಲಿನ ಗುರುತಾದ ಇರಿಡಿಯಮ್ ಧಾತುವಿರುವ ತೆಳು ಪದರದ ಬಳಿ ಹೂಗಿಡಗಳ ಪರಾಗವು ತಟ್ಟನೆ ಕುಗ್ಗಿ, ಅದರ ಮೇಲುಗಡೆ ಜರೀಗಿಡಗಳ ಬೀಜಕಣಗಳೇ ತುಂಬಿಕೊಳ್ಳುವುದನ್ನು 1981ರಲ್ಲಿ ವರದಿ ಮಾಡಿದರು. ಸುಟ್ಟ ನೆಲಕ್ಕೆ ಮೊದಲು ಬರುವ ಹಸುರು ಅನೇಕ ಕಡೆ ಜರೀಗಿಡವೇ. 1883ರಲ್ಲಿ ಸಿಡಿದ ಕ್ರಕಟೋವಾ ದ್ವೀಪಕ್ಕೆ ಮೂರು ವರ್ಷಗಳ ಮೇಲೆ ಹೋದವರೂ ಹೆಚ್ಚಾಗಿ ಜರೀಗಿಡಗಳನ್ನೇ ಕಂಡರು. ಕೆಲವು ಅಂಗುಲ ಮಣ್ಣು ಆ ಮಹಾವಿಪತ್ತಿನ ಮರುದಿನಗಳ ವರದಿಯನ್ನು ಇಟ್ಟುಕೊಂಡಿದೆ.

ಮೇಲ್ತರಗತಿಯ ಹುಡುಗಿಯರು ಆಮ್ಲಗಳಿಲ್ಲದೆ ಮಾಡಬಹುದಾದ ಕೆಲಸವೂ ಒಂದಿದೆ. ದಾಸವಾಳ, ಜೋಳ, ಕುಂಬಳ, ತೆಂಗು, ತುಂಬೆ ಇವುಗಳ ಪರಾಗವನ್ನು ಬೇರೆ ಬೇರೆ ಗಾಜಿನ ಪಟ್ಟಿಗಳ ಮೇಲೆ ಒಂದು ತೊಟ್ಟು ಗ್ಲಿಸರಿನ್ನಿನಲ್ಲಿಟ್ಟು ನೋಡಿ, ಆಕಾರ, ಮುಳ್ಳು, ಸೀಳು, ರಂಧ್ರಗಳನ್ನು ಪೆನ್ಸಿಲಿನಿಂದ ಬರೆದುಕೊಳ್ಳಿರಿ. ಆಮೇಲೆ ಗ್ಲಿಸರಿನ್ ಸವರಿದ ಒಂದು ಪಟ್ಟಿಯನ್ನು ಒಂದು ದಿನ ಕಿಟಕಿಯ ಹೊರಗಿಟ್ಟು, ಅದರ ಮೇಲೆ ಬಿದ್ದ ಕಣಗಳಲ್ಲಿ ಎಷ್ಟನ್ನು ಗುರುತಿಸಬಲ್ಲಿರೆಂದು ಎಣಿಸಿ ನೋಡಿರಿ. ಕಿಟಕಿಯ ಎದುರಿಗೇ ನಿಂತ ಗಿಡದ ಪರಾಗ ಒಂದೂ ಸಿಕ್ಕದೆ, ಕಣ್ಣಿಗೆ ಕಾಣದಷ್ಟು ದೂರದ ಹುಲ್ಲಿನ ಪರಾಗ ಸಿಕ್ಕಬಹುದು. ಸಿಕ್ಕಿದರೆ ಆಶ್ಚರ್ಯಪಡದೆ ಹಾಗೆಯೇ ಬರೆದಿಡಿರಿ. ಪ್ರತಿಯೊಂದು ಪಟ್ಟಿಗೂ ಸ್ಥಳವನ್ನೂ ತಾರೀಖನ್ನೂ ಬರೆದ ಚೀಟಿಯನ್ನು ಅಂಟಿಸಬೇಕು; ಚೀಟಿಯಿಲ್ಲದ ಪಟ್ಟಿಯನ್ನು ನಮ್ಮ ಪ್ರಯೋಗಶಾಲೆಯ ಪೆಟ್ಟಿಗೆಗೆ ತೆಗೆದುಕೊಳ್ಳಲಾಗದು.